ಸ್ವರಯೋಗಿ ಅಬ್ದುಲ್ ಕರೀಂಖಾನರು

ಸಂಗೀತಕ್ಕೆ ಸೋಲದ ಮನಸ್ಸಿಲ್ಲವೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಯಾವ ಸಂಗೀತಕ್ಕೆ ಎಂಬ ಪ್ರಶ್ನೆ ಬಂದೊಡನೆ ನಮ್ಮ ಒಮ್ಮತ ಮುರಿದುಬೀಳುತ್ತದೆ. ಒಂದೇ ಮನೆಯಲ್ಲಿ ಅಣ್ಣನ ಕಣ್ಣಲ್ಲಿ ನೀರು ತರಿಸಿದ ಹಾಡು ತಮ್ಮನಿಗೆ ಆಕಳಿಕೆ ತರಿಸುವುದುಂಟು. ಇದು ತಿಳಿವಳಿಕೆಯ ಹೆಚ್ಚುಕಡಿಮೆಯೆ, ಅಥವಾ ಒಬ್ಬೊಬ್ಬರ ಅಂತರಂಗಕ್ಕೆ ಸೇರಿದ ಸಂಗತಿಯೆ? ಇದನ್ನು ಅರಿಯಬೇಕೆನ್ನುವವರು ಖಾನ್‌ಸಾಹೇಬ ಅಬ್ದುಲ್ ಕರೀಂಖಾನರ ಚರಿತ್ರೆಯನ್ನೊಮ್ಮೆ ನೋಡಬೇಕು. ಅವರು ಹುಟ್ಟಿನಿಂದ ಕನ್ನಡಿಗರಲ್ಲ. ಆದರೂ ಕನ್ನಡಿಗರು ಹಿಂದುಸ್ತಾನಿ ಸಂಗೀತದಲ್ಲಿ ಪಡೆದ ಕೀರ್ತಿಯ ಬಹುಭಾಗಕ್ಕೆ ಅವರ ಕಂಠವೇ ಮೂಲ.

ಖಾನ್‌ಸಾಹೇಬರು 1872ರಲ್ಲಿ ಈಗಿನ ಉತ್ತರಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದರು. ಕಿರಾಣಾ ಘರಾಣೆಗೆ ಹೆಸರು ಬಂದದ್ದು ಆ ಊರಿನಿಂದಲೇ. ಅವರ ಮನೆತನದಲ್ಲಿ ಗಾಯಕರೂ ಇದ್ದರು, ಸಾರಂಗಿ ಮತ್ತು ಬೀನ್ ನುಡಿಸುವವರೂ ಇದ್ದರು. ತಂದೆ ಕಾಲೆಖಾನರಿಂದಲೂ ಚಿಕ್ಕಪ್ಪ ಅಬ್ದುಲ್ಲಾಖಾನರಿಂದಲೂ ಹುಡುಗನಿಗೆ ಪಾಠವಾಯಿತು. ಹಾಡುವುದರ ಜೊತೆಗೆ ಸಾರಂಗಿಯನ್ನೂ ಬೀನನ್ನೂ ಅವರು ಕಲಿತರು. ಸಾರಂಗಿಯ ತಂತಿಯ ಮೇಲೆ ಕಮಾನು ಎಳೆದಷ್ಟು ಹೊತ್ತೂ ಸ್ವರ ಬಾಳುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಮುರಿಯದೆ ಜಾರುತ್ತದೆ. ಆ ಗುಣವೇ ಮುಂದೆ ಅವರ ಕಂಠದಲ್ಲಿ ಮನೆಮಾಡಿತು.

ಯೌವನದಲ್ಲಿ ಅವರು ತಮ್ಮ ಸೋದರ ಅಬ್ದುಲ್ ಹಕ್ಕರೊಡನೆ ಬರೋಡಾ ಸಂಸ್ಥಾನದ ಆಸ್ಥಾನ ಸೇರಿದರು. ಅಲ್ಲಿಯ ಮರಾಠಾ ಸರದಾರ ಮನೆತನದ ತಾರಾಬಾಯಿ ಮಾನೆ ಅವರ ಸಂಗೀತಕ್ಕೂ ಅವರಿಗೂ ಮನಸೋತರು. ಲೋಕ ಒಪ್ಪದ ಆ ಸಂಬಂಧಕ್ಕಾಗಿ ಇಬ್ಬರೂ ಬರೋಡಾ ಬಿಟ್ಟು ಮುಂಬಯಿಗೆ ಬರಬೇಕಾಯಿತು. ಆಮೇಲೆ ಮಿರಜಿನಲ್ಲಿ ಅವರು ನೆಲೆ ಕಂಡುಕೊಂಡರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು.

ಮೈಸೂರು ಅರಮನೆಯಿಂದ ಅವರಿಗೆ ಆಗಾಗ ಕರೆ ಬರುತ್ತಿತ್ತು. ಹೋಗಿಬರುವಾಗ ಧಾರವಾಡದಲ್ಲಿ ಸೋದರನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ಬೇರೆಯೇ ರಾಜ್ಯ. ಒಡೆದು ಹಂಚಿಹೋಗಿದ್ದ ನಮ್ಮ ನಾಡಿನ ಎರಡು ತುದಿಗಳನ್ನು ಅವರ ತಂಬೂರಿ ಹೀಗೆ ಓಡಾಡಿ ಬೆಸೆಯಿತು. ಮೈಸೂರಿನಲ್ಲಿ ಅವರು ಕರ್ನಾಟಕ ಸಂಗೀತವನ್ನು ಕಿವಿಗೊಟ್ಟು ಕೇಳಿದರು. ಉತ್ತರದ ಗಾಯಕರು ಅದನ್ನು ದೂರವಿಡುತ್ತಿದ್ದ ಕಾಲದಲ್ಲಿ ಅದರ ಸ್ವರಪ್ರಸ್ತಾರವನ್ನು ತಮ್ಮ ಖ್ಯಾಲಿಗೆ ಸೇರಿಸಿಕೊಂಡರು. ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಧ್ವನಿಮುದ್ರಿಕೆಗೂ ಹಾಡಿದರು. ಧಾರವಾಡದಲ್ಲಿದ್ದಾಗ ಅಂಬಾಬಾಯಿ ಎಂಬ ಗಾಯಕಿಯ ಮನೆಗೆ ಹೋಗಿ ಅವರ ಕರ್ನಾಟಕ ಗಾಯನವನ್ನು ಕೇಳುತ್ತಿದ್ದರು. ಆ ತಾಯಿಯ ಮಗಳೇ ಗಂಗೂಬಾಯಿ ಹಾನಗಲ್ಲ. ಮಗಳ ಒಲವು ಹಿಂದುಸ್ತಾನಿಯ ಕಡೆಗೆಂದು ತಿಳಿದಾಗ, ಅವಳ ಕಲಿಕೆಗೆ ಅಡ್ಡಿಯಾದೀತೆಂದು ಅಂಬಾಬಾಯಿ ತಾವು ಹಾಡುತ್ತಿದ್ದ ಕರ್ನಾಟಕ ಸಂಗೀತವನ್ನೇ ನಿಲ್ಲಿಸಿದರು. ತನ್ನ ರುಚಿಯನ್ನು ಮಗಳ ಮೇಲೆ ಹೇರದೆ, ಮಗಳ ರುಚಿಗಾಗಿ ತನ್ನ ಹಾಡನ್ನೇ ಬಿಟ್ಟುಕೊಟ್ಟ ಈ ತಾಯಿಯನ್ನು ನಾವು ಮರೆಯುವಂತಿಲ್ಲ.

ಖಾನ್‌ಸಾಹೇಬರ ಗಾಯನವನ್ನು ಆ ಕಾಲದವರೆಲ್ಲರೂ ಮೆಚ್ಚಿದರೆಂದು ತಿಳಿಯಬಾರದು. ಅವರ ಧ್ವನಿ ತೆಳುವಾದುದು, ಎತ್ತರದ ಶ್ರುತಿಯದು, ತುಸು ಅನುನಾಸಿಕವಾದುದು. ತಬಲೆಯೊಡನೆ ಸೆಣಸುವ ಲಯಕಾರಿಯಲ್ಲಿ ಅವರಿಗೆ ಆಸಕ್ತಿ ಕಡಿಮೆ. ಗ್ವಾಲಿಯರ್, ಆಗ್ರಾ ಘರಾಣೆಗಳ ಗಂಡುಗಾಯನಕ್ಕೆ ಕಿವಿ ಪಳಗಿದವರಿಗೆ ಇದು ಸಪ್ಪೆಯೆನಿಸಿತು. ಅವರಾದರೋ ಯಾರ ಮೆಚ್ಚುಗೆಗಾಗಿಯೂ ತಮ್ಮ ಕಿವಿಯನ್ನು ಬದಲಿಸಿಕೊಳ್ಳಲಿಲ್ಲ. ತಂಬೂರಿಯನ್ನು ತಾವೇ ಶ್ರುತಿಗೂಡಿಸಿ, ಒಂದೊಂದು ಸ್ವರದಲ್ಲಿಯೂ ಮನೆಯಲ್ಲಿ ಕುಳಿತಂತೆ ನಿಂತು, ರಾಗವನ್ನು ನಿಧಾನವಾಗಿ ಬಿಡಿಸುತ್ತಿದ್ದರು. ಪಂಡಿತರು ಹಗುರವೆಂದ ಠುಮರಿಯನ್ನೂ ಮರಾಠಿ ನಾಟಕದ ಪದಗಳನ್ನೂ ಅಷ್ಟೇ ಶ್ರದ್ಧೆಯಿಂದ ಹಾಡಿದರು.

ಅವರ ಶ್ರುತಿಶುದ್ಧಿ ಎಷ್ಟು ಹೆಸರಾಗಿತ್ತೆಂದರೆ, 22 ಶ್ರುತಿಗಳನ್ನು ಗಣಿತದಿಂದ ಅಳೆಯಲು ಹೊರಟ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಖಾನ್‌ಸಾಹೇಬರ ನೆರವು ಪಡೆದರು. ಕಂಪನಗಳ ಲೆಕ್ಕದಿಂದ ಗಾಂಧಾರ ಎಲ್ಲಿ ನಿಂತಿದೆಯೆಂದು ಹೇಳಬಹುದು. ಆದರೆ ಆ ಗಾಂಧಾರ ಕೇಳಿ ಸಭೆಯಲ್ಲಿ ಒಬ್ಬನೇ ಏಕೆ ಬಿಕ್ಕಿದ, ಪಕ್ಕದವನು ಏಕೆ ಸುಮ್ಮನಿದ್ದ ಎಂಬುದನ್ನು ಅಳೆಯುವ ಉಪಕರಣ ಎಲ್ಲಿಯದು? ಸ್ವರ ಗಾಯಕನದು, ಅದು ಹೋಗಿ ತಟ್ಟುವ ನೆನಪು, ನೋವು, ಬಯಕೆಗಳು ಕೇಳುವವನವು. ಎರಡೂ ಕೂಡಿದಲ್ಲಿ ಮಾತ್ರ ಹಾಡು ಒಳಗಿಳಿಯುತ್ತದೆ.

ಇದಕ್ಕೆ ಗದಗಿನ ಸಾಕ್ಷಿಯಿದೆ. ಖಾನ್‌ಸಾಹೇಬರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯ ಧ್ವನಿಮುದ್ರಿಕೆಯೊಂದು ಅಲ್ಲಿಯ ಒಂದು ಅಂಗಡಿಯಲ್ಲಿ ಮೊಳಗುತ್ತಿತ್ತು. ಬರಿಯ ಮೂರು ನಿಮಿಷದ ಹಾಡು. ದಾರಿಯಲ್ಲಿ ಹೋಗುವವರೆಲ್ಲರ ಕಿವಿಗೂ ಬಿದ್ದೀತು. ಒಬ್ಬ ಬಾಲಕ ಮಾತ್ರ ಅದರ ಗುಂಗಿನಲ್ಲಿ ಸಿಕ್ಕಿ, ಅಂಥ ಹಾಡು ತನಗೂ ಬರಬೇಕೆಂದು 1933ರಲ್ಲಿ, 11ನೆಯ ವಯಸ್ಸಿನಲ್ಲಿ, ಮನೆಬಿಟ್ಟು ಓಡಿದ. ಗುರುವನ್ನರಸಿ ಗ್ವಾಲಿಯರದಿಂದ ಜಾಲಂಧರದವರೆಗೆ ಅಲೆದ. ಕೊನೆಗೆ ಅವನಿಗೆ ಗುರು ದೊರೆತದ್ದು ಗದಗಿಗೆ ಸಮೀಪದ ಕುಂದಗೋಳದಲ್ಲಿಯೇ. ಆ ಬಾಲಕ ಭೀಮಸೇನ ಜೋಶಿ. ಆ ಗುರು ಖಾನ್‌ಸಾಹೇಬರ ಶಿಷ್ಯರಾದ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು.

1886ರಲ್ಲಿ ಧಾರವಾಡದ ಹತ್ತಿರದ ಅಮ್ಮಿನಭಾವಿಯಲ್ಲಿ ಹುಟ್ಟಿದ ಸವಾಯಿ ಗಂಧರ್ವರ ಧ್ವನಿ ಹದಿಹರೆಯದಲ್ಲಿ ಒಡೆದು ಕರ್ಕಶವಾಗಿತ್ತು. ಖಾನ್‌ಸಾಹೇಬರು ವರ್ಷಗಟ್ಟಲೆ ದುಡಿಸಿ ಅದನ್ನು ಪಳಗಿಸಿದರು. ಗುರುವಿನ ಜೇನಿನಂಥ ನಯ ಶಿಷ್ಯನಿಗೆ ಬರಲಿಲ್ಲ. ಆದರೆ ಆ ಕಠಿಣ ಕಂಠದಿಂದಲೇ ಬೇರೊಂದು ಬಗೆಯ ಮನೋಹರ ಗಾಯನ ಮೂಡಿತು. ಇನ್ನು ಸವಾಯಿ ಗಂಧರ್ವರ ಶಿಷ್ಯರನ್ನು ನೋಡಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಕಲಿತ ಗಂಗೂಬಾಯಿಯವರದು ಗಂಡುಧ್ವನಿಯಂಥ ಗಂಭೀರ ಗಾಯನ. ಭೀಮಸೇನರದು ಮೋಡ ಗುಡುಗಿದಂಥ ತಾನಗಳ ಗಾಯನ. ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರರದು ಖಾನ್‌ಸಾಹೇಬರನ್ನೇ ನೆನಪಿಗೆ ತರುವ ಮೃದು ಗಾಯನ. ಬೀಜ ಒಂದೇ, ಫಲ ಬೇರೆಬೇರೆ. ಅದೇ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಒಲಿದದ್ದು ಜೈಪುರ ಘರಾಣೆ. ಇವರಲ್ಲಿ ಯಾರ ರುಚಿ ಸರಿ, ಯಾರದು ತಪ್ಪು ಎಂದು ಕೇಳುವುದು ಹುಚ್ಚುತನ.

ಖಾನ್‌ಸಾಹೇಬರ ಬಾಳಿನ ದೊಡ್ಡ ದುಃಖ ಸಂಸಾರದ್ದು. 1922ರ ಸುಮಾರಿಗೆ ತಾರಾಬಾಯಿಯವರು ಮಕ್ಕಳನ್ನು ಕರೆದುಕೊಂಡು ಅವರಿಂದ ದೂರವಾದರು. ಮಕ್ಕಳು ತಾಯಿಯ ಆಸರೆಯಲ್ಲಿ ಬೇರೆ ಹೆಸರುಗಳಿಂದ ಬೆಳೆದು ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೆಕರ, ಸರಸ್ವತಿ ರಾಣೆ ಎಂದು ಪ್ರಸಿದ್ಧರಾದರು. ಹೀರಾಬಾಯಿಯವರನ್ನು ತಿದ್ದಿದವರು ಅದೇ ಕಿರಾಣಾದ ಅಬ್ದುಲ್ ವಹೀದ್‌ಖಾನರು. ಸಾವಿರಾರು ಅಪರಿಚಿತರ ಹೃದಯ ಮುಟ್ಟಿದ ಆ ಕಂಠಕ್ಕೆ ತನ್ನ ಮನೆಯನ್ನು ಹಿಡಿದುಕೊಳ್ಳಲಾಗಲಿಲ್ಲ. ಅವರ ಭೈರವಿಯಲ್ಲಿ ಕೇಳುವ ಆರ್ತತೆಗೆ ಇದೇ ಕಾರಣವೆಂದು ನಾವು ಹೇಳಲಾರೆವು. ಏಕೆಂದರೆ ಆ ಆರ್ತತೆ ರಾಮಭಾವು ಅವರನ್ನು ಅದಕ್ಕೂ ಮುಂಚೆಯೇ ಸೆಳೆದಿತ್ತು.

1937ರ ಅಕ್ಟೋಬರಿನಲ್ಲಿ ಅವರು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದರು. ರೈಲಿನಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದು, ಹಾಸಿಗೆ ಹಾಸಿಸಿ, ತಂಬೂರಿಯನ್ನು ಶ್ರುತಿಗೂಡಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ಪ್ರಾರ್ಥಿಸುತ್ತ 27ರಂದು ಕಣ್ಣುಮುಚ್ಚಿದರು. ಮಿರಜಿನ ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಅವರ ಸಮಾಧಿಯಿದೆ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಚರಿತ್ರೆ ಹತ್ತಿರದ್ದು. ಭೀಮಸೇನರು ಗುರುವಿನ ಹೆಸರಿನಲ್ಲಿ 1953ರಲ್ಲಿ ಆರಂಭಿಸಿದ ಸಂಗೀತೋತ್ಸವ ಈ ಊರಿನದೇ. ಮಕ್ಕಳು ನಮ್ಮ ಹಾಡುಗಳನ್ನು ಒಲ್ಲೆನ್ನುತ್ತಾರೆಂಬ ಕೊರಗು ಪರನಾಡಿನ ಕನ್ನಡ ಮನೆಗಳಲ್ಲಿ ಹೊಸದಲ್ಲ. ಗದರಿಸಿ ಕೇಳಿಸಿದ ಹಾಡು ಕಿವಿಯಲ್ಲಿಯೇ ನಿಲ್ಲುತ್ತದೆ. ಗದಗಿನ ಬಾಲಕನಿಗೆ ಆ ಠುಮರಿಯನ್ನು ಕೇಳೆಂದು ಯಾರೂ ಹೇಳಿರಲಿಲ್ಲ. ಅದು ಅವನ ಕಿವಿಗೆ ಬೀಳುವಲ್ಲಿ ಇತ್ತು, ಅಷ್ಟೆ. ದಾಸರ ಪದ, ಶರಣರ ವಚನ, ಕುಂದಗೋಳದ ಖ್ಯಾಲು, ನೆರೆಯವರ ಅಭಂಗ, ಎಲ್ಲವೂ ನಮ್ಮ ಮನೆಗಳಲ್ಲಿ ಕಿವಿಗೆ ಬೀಳುತ್ತಿರಲಿ. ಯಾವುದು ಯಾರನ್ನು ಹಿಡಿದು ನಿಲ್ಲಿಸುವುದೋ ಅದನ್ನು ಆಯಾ ಮಕ್ಕಳಿಗೇ ಬಿಡೋಣ.