ಮನೆಮನೆಗೆ ಹೊಲಿಗೆ ಯಂತ್ರ ತಲುಪಿಸಿದ ಐಸಾಕ್ ಸಿಂಗರ್

ಸನ್ನತಿ: ಭೀಮಾ ತೀರದ ಸನ್ನತಿಯ ಚಂದ್ರಲಾಂಬಾ ದೇವಿಯಿಂದ ಹಿಡಿದು ಹಳ್ಳಿಯ ಗ್ರಾಮದೇವತೆಯವರೆಗೆ, ಉಡಿ ತುಂಬುವಾಗ ಖಣ ಇಡುವುದು ಈ ಭಾಗದ ಸಂಪ್ರದಾಯ. ಆ ಖಣ ಕುಬಸವಾಗಲು ಸೂಜಿ, ದಾರ ಹಾಗೂ ನುರಿತ ಕೈ ಬೇಕು. ಸೂಜಿಯ ಕೆಲಸವನ್ನೇ ಕಾಯಕವೆಂದು ಬಗೆದ ಸೂಜಿಕಾಯಕದ ರಾಮಿತಂದೆ 12ನೇ ಶತಮಾನದ ಶರಣರ ಸಾಲಿನಲ್ಲಿ ಗೌರವದ ಸ್ಥಾನ ಪಡೆದವರು. ಅವರ ನಂತರವೂ ಸುಮಾರು ಏಳು ಶತಮಾನಗಳ ಕಾಲ ಹೊಲಿಗೆ ಕೈಯ ಕೆಲಸವಾಗಿಯೇ ಉಳಿಯಿತು. ಅದನ್ನು ಕಾಲಿನಿಂದ ತುಳಿದು ನಡೆಸುವ ಯಂತ್ರಕ್ಕೆ ಒಪ್ಪಿಸಿ, ಆ ಯಂತ್ರವನ್ನು ಕಾರ್ಖಾನೆಯಿಂದ ಮನೆಯ ಪಡಸಾಲೆಗೆ ತಂದ ಶ್ರೇಯಸ್ಸು ಬಹುಪಾಲು ಸಲ್ಲುವುದು ಅಮೆರಿಕದ ಐಸಾಕ್ ಮೆರಿಟ್ ಸಿಂಗರ್‌ಗೆ.

ಸಿಂಗರ್ ಎಂಬ ಹೆಸರು ಹೊಲಿಗೆ ಬಲ್ಲ ಎಲ್ಲರಿಗೂ ಗೊತ್ತು. ಆ ಹೆಸರಿನ ಮನುಷ್ಯನ ಬದುಕು ಮಾತ್ರ ಅಷ್ಟಾಗಿ ಪರಿಚಿತವಲ್ಲ. ಆತ ಹೊಲಿಗೆ ಯಂತ್ರದ ಮೊದಲ ಸಂಶೋಧಕನಲ್ಲ. ಆದರ್ಶ ಗೃಹಸ್ಥನಂತೂ ಖಂಡಿತ ಅಲ್ಲ. ಆದರೂ ಜಗತ್ತಿನ ಕೋಟ್ಯಂತರ ಮನೆಗಳ ದುಡಿಮೆಯ ರೀತಿಯನ್ನು ಬದಲಿಸಿದವರ ಪಟ್ಟಿಯಲ್ಲಿ ಆತನ ಹೆಸರನ್ನು ಬಿಡುವಂತಿಲ್ಲ.

ರಂಗದ ಹುಚ್ಚು, ಯಂತ್ರದ ನಂಟು

ನ್ಯೂಯಾರ್ಕ್ ರಾಜ್ಯದ ಪಿಟ್ಸ್‌ಟೌನ್‌ನಲ್ಲಿ 1811ರ ಅಕ್ಟೋಬರ್ 27ರಂದು ಸಿಂಗರ್ ಜನಿಸಿದ. ತಂದೆ ಜರ್ಮನಿಯಿಂದ ವಲಸೆ ಬಂದವರು. ಎಂಟು ಮಕ್ಕಳಲ್ಲಿ ಈತನೇ ಕಿರಿಯ. ಬಾಲ್ಯದಲ್ಲೇ ತಂದೆ–ತಾಯಿ ಬೇರ್ಪಟ್ಟರು. ಹದಿಹರೆಯಕ್ಕೆ ಕಾಲಿಡುವ ಮೊದಲೇ ಮನೆ ತೊರೆದ ಬಾಲಕ, ರಾಚೆಸ್ಟರ್ ನಗರದಲ್ಲಿದ್ದ ಅಣ್ಣನ ಆಶ್ರಯ ಸೇರಿದ. ಕೂಲಿನಾಲಿ ಮಾಡಿ ಬೆಳೆದ. ಹತ್ತೊಂಬತ್ತರ ಹರೆಯದಲ್ಲಿ ಯಂತ್ರ ಕಾರ್ಯಾಗಾರವೊಂದರಲ್ಲಿ ಕಲಿಕೆಗೆ ಸೇರಿದನಾದರೂ ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟು ನಾಟಕ ಮಂಡಳಿಯ ಹಿಂದೆ ಹೋದ. ಆರಡಿಗೂ ಮೀರಿದ ಎತ್ತರ, ಗಡುಸಾದ ಧ್ವನಿಯ ಸಿಂಗರ್‌ಗೆ ನಟನಾಗಿ ಹೆಸರು ಮಾಡಬೇಕೆಂಬುದೇ ಜೀವನದ ಗುರಿಯಾಗಿತ್ತು.

ಶಹಾಬಾದ್ ಕಲ್ಲಿನ ನಾಡಿನವರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. ಸಿಂಗರ್‌ನ ಮೊದಲ ಪೇಟೆಂಟ್ ಹೊಲಿಗೆಗೆ ಸಂಬಂಧಿಸಿದ್ದಲ್ಲ, ಬಂಡೆ ಕೊರೆಯುವ ಯಂತ್ರಕ್ಕೆ ಸಂಬಂಧಿಸಿದ್ದು. ಇಲಿನಾಯ್ ರಾಜ್ಯದಲ್ಲಿ ಕಾಲುವೆ ಕಾಮಗಾರಿಯಲ್ಲಿ ತೊಡಗಿದ್ದಾಗ ಆತ ಈ ಯಂತ್ರ ರೂಪಿಸಿ, 1839ರಲ್ಲಿ ಹಕ್ಕು ಪಡೆದು, 2,000 ಡಾಲರ್‌ಗೆ ಮಾರಿದ. ಕೈಗೆ ಬಂದ ಹಣವನ್ನು ಸ್ವಂತ ನಾಟಕ ಮಂಡಳಿ ಕಟ್ಟಲು ಸುರಿದ. ಊರೂರು ಅಲೆದ ಮಂಡಳಿ ಕೊನೆಗೆ ಕೈ ಬರಿದು ಮಾಡಿಕೊಂಡು ಮುಚ್ಚಿತು. 1849ರಲ್ಲಿ ಮರ ಹಾಗೂ ಲೋಹ ಕೆತ್ತುವ ಮತ್ತೊಂದು ಯಂತ್ರಕ್ಕೆ ಪೇಟೆಂಟ್ ದೊರೆಯಿತು. ಅದಕ್ಕೆ ಗಿರಾಕಿ ಹುಡುಕುತ್ತ 1850ರಲ್ಲಿ ಬೋಸ್ಟನ್ ನಗರಕ್ಕೆ ಬಂದಾಗ ಆತನಿಗೆ ನಲವತ್ತರ ಹತ್ತಿರದ ವಯಸ್ಸು. ಕೈಯಲ್ಲಿ ಕಾಸಿಲ್ಲ, ಹಿಂದೆ ದೊಡ್ಡ ಸಂಸಾರ.

ಹನ್ನೊಂದು ದಿನ, ನಲವತ್ತು ಡಾಲರ್

ಸಿಂಗರ್‌ಗೂ ಮುನ್ನ ಹಲವರು ಹೊಲಿಗೆ ಯಂತ್ರಕ್ಕಾಗಿ ಶ್ರಮಿಸಿದ್ದರು. ಫ್ರಾನ್ಸ್‌ನ ಬಾರ್ತಲೆಮಿ ತಿಮೊನಿಯೆ 1830ರಲ್ಲಿ ಯಂತ್ರ ತಯಾರಿಸಿ ಸೈನಿಕರ ಸಮವಸ್ತ್ರ ಹೊಲಿಸತೊಡಗಿದಾಗ, ಅನ್ನ ಕಳೆದುಕೊಳ್ಳುವ ಭಯದಿಂದ ದರ್ಜಿಗಳು ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಒಡೆದುಹಾಕಿದ್ದರು. ಅಮೆರಿಕದ ವಾಲ್ಟರ್ ಹಂಟ್ ಅದೇ ದಶಕದಲ್ಲಿ ಎರಡು ದಾರಗಳ ಯಂತ್ರ ಮಾಡಿದರೂ ಪೇಟೆಂಟ್ ಪಡೆಯುವ ಗೋಜಿಗೆ ಹೋಗಲಿಲ್ಲ. ತುದಿಯಲ್ಲಿ ಕಣ್ಣಿರುವ ಸೂಜಿ, ಕೆಳಗೆ ಇನ್ನೊಂದು ದಾರ ಒಯ್ಯುವ ಲಾಳಿ, ಇವೆರಡೂ ಸೇರಿ ಹಾಕುವ ಗಟ್ಟಿ ಹೊಲಿಗೆ – ಈ ವಿಧಾನಕ್ಕೆ 1846ರ ಸೆಪ್ಟೆಂಬರ್ 10ರಂದು ಹಕ್ಕು ಪಡೆದವನು ಎಲಿಯಾಸ್ ಹೋವ್. ಆದರೆ ಆತನ ಯಂತ್ರದಲ್ಲಿ ಸೂಜಿ ಬಾಗಿದ್ದು, ಅಡ್ಡಡ್ಡ ಚಲಿಸುತ್ತಿತ್ತು. ಬಟ್ಟೆಯನ್ನು ಮುಳ್ಳುಗಳಿಗೆ ಸಿಕ್ಕಿಸಿ ನೇತುಹಾಕಬೇಕಿತ್ತು. ಸ್ವಲ್ಪ ದೂರ ಹೊಲಿದ ಮೇಲೆ ನಿಲ್ಲಿಸಿ, ಬಟ್ಟೆ ತೆಗೆದು ಮತ್ತೆ ಸಿಕ್ಕಿಸುವ ಪಾಡು ತಪ್ಪುತ್ತಿರಲಿಲ್ಲ.

ಬೋಸ್ಟನ್‌ನಲ್ಲಿ ಸಿಂಗರ್ ಜಾಗ ಪಡೆದಿದ್ದ ಆರ್ಸನ್ ಫೆಲ್ಪ್ಸ್‌ನ ಕಾರ್ಯಾಗಾರಕ್ಕೆ ಆಗಾಗ ಕೆಟ್ಟ ಹೊಲಿಗೆ ಯಂತ್ರಗಳು ದುರಸ್ತಿಗೆ ಬರುತ್ತಿದ್ದವು. ಒಂದನ್ನು ಬಿಚ್ಚಿ ನೋಡಿದ ಸಿಂಗರ್‌ಗೆ ದೋಷ ಹೊಳೆಯಿತು. ಲಾಳಿ ವೃತ್ತಾಕಾರದಲ್ಲಿ ಸುತ್ತುವ ಬದಲು ಹಿಂದಕ್ಕೂ ಮುಂದಕ್ಕೂ ನೇರವಾಗಿ ಓಡಬೇಕು. ಸೂಜಿ ನೆಟ್ಟಗಿದ್ದು ಮೇಲೆ ಕೆಳಗೆ ಆಡಬೇಕು. ಬಟ್ಟೆ ಮೇಜಿನ ಮೇಲೆ ಸಮತಲವಾಗಿ ಮಲಗಿರಬೇಕು. ಜಾರ್ಜ್ ಜೀಬರ್ ಎಂಬಾತ 40 ಡಾಲರ್ ಒದಗಿಸಿದ. ಹಗಲಿರುಳು ದುಡಿದು ಹನ್ನೊಂದು ದಿನಗಳಲ್ಲಿ ಯಂತ್ರ ಸಿದ್ಧವಾಯಿತು.

ಆದರೆ ಮೊದಲ ರಾತ್ರಿ ಅದು ಹೊಲಿಯಲಿಲ್ಲ. ಬಟ್ಟೆಯ ಮೇಲೆ ದಾರದ ಸಡಿಲ ಕುಣಿಕೆಗಳಷ್ಟೇ ಏಳುತ್ತಿದ್ದವು. ಕೆಲಸಗಾರರು ಬೇಸತ್ತು ಹೊರಟುಹೋದರು. ಸಿಂಗರ್ ಮತ್ತು ಜೀಬರ್ ಕೂಡ ನಿರಾಶರಾಗಿ ವಸತಿಗೃಹದ ಕಡೆಗೆ ಹೆಜ್ಜೆ ಹಾಕಿದರು. ದಾರಿಯಲ್ಲಿ ಮರದ ದಿಮ್ಮಿಗಳ ರಾಶಿಯ ಮೇಲೆ ಕುಳಿತು ಮಾತನಾಡುತ್ತಿದ್ದಾಗ, ಸೂಜಿಯ ದಾರಕ್ಕೆ ಬಿಗಿತ ಕೊಡುವುದನ್ನೇ ಮರೆತ ಸಂಗತಿ ಸಿಂಗರ್‌ಗೆ ನೆನಪಾಯಿತು. ಇಬ್ಬರೂ ಹಿಂತಿರುಗಿದರು. ಬಿಗಿತ ಸರಿಪಡಿಸಿದ ಮೇಲೆ ಐದು ಹೊಲಿಗೆಗಳು ಅಚ್ಚುಕಟ್ಟಾಗಿ ಬಿದ್ದವು. ಆಮೇಲೆ ದಾರ ತುಂಡಾಯಿತು. ಅಷ್ಟು ಸಾಕಾಗಿತ್ತು. 1851ರ ಆಗಸ್ಟ್ 12ರಂದು ಈ ಯಂತ್ರಕ್ಕೆ 8294 ಸಂಖ್ಯೆಯ ಪೇಟೆಂಟ್ ದೊರೆಯಿತು. ಹಣ ಹಾಕಿದ ಜೀಬರ್, ಜಾಗ ಕೊಟ್ಟ ಫೆಲ್ಪ್ಸ್ ಇಬ್ಬರೂ ಬಹುಬೇಗ ಪಾಲುದಾರಿಕೆಯಿಂದ ಹೊರಬಿದ್ದರು. ಅವರ ಸ್ಥಾನಕ್ಕೆ ವಕೀಲ ಎಡ್ವರ್ಡ್ ಕ್ಲಾರ್ಕ್ ಬಂದ.

ಕಂತಿನಲ್ಲಿ ಬಂದ ಕ್ರಾಂತಿ

ತನ್ನ ವಿಧಾನವನ್ನು ಕದ್ದಿದ್ದಾನೆಂದು ಹೋವ್ ನ್ಯಾಯಾಲಯದ ಮೆಟ್ಟಿಲೇರಿದ. 1854ರಲ್ಲಿ ಸಿಂಗರ್ ಸೋತು, 15,000 ಡಾಲರ್ ತೆತ್ತು ರಾಜಿ ಮಾಡಿಕೊಳ್ಳಬೇಕಾಯಿತು. ಅಷ್ಟರಲ್ಲಿ ಯಂತ್ರ ತಯಾರಕರೆಲ್ಲ ಒಬ್ಬರ ಮೇಲೊಬ್ಬರು ದಾವೆ ಹೂಡಿ ಸುಸ್ತಾಗಿದ್ದರು. 1856ರಲ್ಲಿ ಪ್ರಮುಖ ಕಂಪನಿಗಳು ಹಾಗೂ ಹೋವ್ ಒಪ್ಪಂದಕ್ಕೆ ಬಂದು ತಮ್ಮ ಪೇಟೆಂಟ್‌ಗಳನ್ನು ಒಂದೆಡೆ ಸೇರಿಸಿದವು. ಜಗಳ ನಿಂತಿತು, ತಯಾರಿಕೆ ಬೆಳೆಯಿತು.

ಆದರೂ ಯಂತ್ರದ ಬೆಲೆ 100 ಡಾಲರ್‌ಗೂ ಹೆಚ್ಚಿತ್ತು. ಸಾಮಾನ್ಯ ಕುಟುಂಬವೊಂದಕ್ಕೆ ಅದು ತಿಂಗಳುಗಟ್ಟಲೆಯ ದುಡಿಮೆ. ಗಂಡಸರು ಅಷ್ಟು ಹಣ ತೆತ್ತು ಮನೆಯ ಹೆಂಗಸರಿಗೆ ಯಂತ್ರ ಕೊಡಿಸುವ ಸಂಭವ ಕಡಿಮೆ. ಈ ಗಂಟನ್ನು ಬಿಚ್ಚಿದವನು ಕ್ಲಾರ್ಕ್. ಮೊದಲು 5 ಡಾಲರ್ ಕೊಟ್ಟು ಯಂತ್ರ ಒಯ್ಯುವುದು, ಉಳಿದದ್ದನ್ನು ತಿಂಗಳ ಕಂತಿನಲ್ಲಿ ತೀರಿಸುವುದು – 1856ರಲ್ಲಿ ಜಾರಿಗೆ ಬಂದ ಈ ಪದ್ಧತಿ ವ್ಯಾಪಾರದ ದಿಕ್ಕನ್ನೇ ಬದಲಿಸಿತು. ಯಂತ್ರ ದುಡಿದು ತನ್ನ ಬೆಲೆಯನ್ನು ತಾನೇ ತೀರಿಸುವಂತಾಯಿತು. ಅದೇ ವರ್ಷ ಮನೆಬಳಕೆಗೆಂದೇ ಹಗುರವಾದ ಯಂತ್ರವನ್ನು ಕಂಪನಿ ಹೊರತಂದಿತು. 1865ರಲ್ಲಿ ಇನ್ನೂ ಸುಧಾರಿಸಿದ ಮಾದರಿ ಬಂತು.

ಹೆಂಗಸರಿಗೆ ಯಂತ್ರ ನಡೆಸಲು ಬಾರದು ಎಂಬ ಅಂದಿನ ನಂಬಿಕೆಯನ್ನು ಮುರಿಯಲೂ ಕಂಪನಿ ದಾರಿ ಹುಡುಕಿತು. ಮಾರಾಟ ಮಳಿಗೆಗಳಲ್ಲಿ ಮಹಿಳೆಯರನ್ನೇ ನೇಮಿಸಿ, ಜನರೆದುರು ಹೊಲಿದು ತೋರಿಸುವ ವ್ಯವಸ್ಥೆ ಮಾಡಿತು. ಕೊಂಡವರಿಗೆ ಕಲಿಸುವುದೂ ವ್ಯಾಪಾರದ ಭಾಗವಾಯಿತು. ಸಿಂಗರ್ ಯಂತ್ರ ಗೆದ್ದದ್ದು ಅದರ ಚಕ್ರ, ಲಾಳಿಗಳಿಂದ ಮಾತ್ರವಲ್ಲ. ಕೊಳ್ಳಲು ಕಂತು, ನಡೆಸಲು ಕಲಿಕೆ – ಇವೆರಡೂ ಯಂತ್ರದ ಜೊತೆಗೇ ಬಂದದ್ದರಿಂದ ಎಂದರೆ ತಪ್ಪಾಗಲಾರದು.

ಐಶ್ವರ್ಯ ಮತ್ತು ಅಪಕೀರ್ತಿ

ಗೃಹಿಣಿಯರ ಯಂತ್ರ ಮಾರಿ ಶ್ರೀಮಂತನಾದವನ ಸ್ವಂತ ಗೃಹವೇ ಒಡೆದಿತ್ತೆಂಬುದು ವಿಪರ್ಯಾಸ. 1830ರಲ್ಲಿ ಕ್ಯಾಥರಿನ್ ಹೇಲಿಯನ್ನು ವರಿಸಿದ ಸಿಂಗರ್, ಆಕೆಯಿಂದ ದೂರವಾಗಿ ಮೇರಿ ಆ್ಯನ್ ಸ್ಪಾನ್ಸ್ಲರ್ ಜೊತೆ ಸುಮಾರು ಕಾಲು ಶತಮಾನ ಬಾಳಿದ. ಬಡತನದ ನಾಟಕ ದಿನಗಳಲ್ಲಿ ಜೊತೆಗೆ ನಿಂತವಳು ಆಕೆಯೇ. ಆಕೆಗೂ ತಿಳಿಯದಂತೆ ನ್ಯೂಯಾರ್ಕ್ ನಗರದಲ್ಲೇ ಆತ ಬೇರೆ ಸಂಸಾರಗಳನ್ನು ಹೂಡಿದ್ದು 1860ರಲ್ಲಿ ಬಯಲಾಯಿತು. ಪ್ರಕರಣ ಪೊಲೀಸರವರೆಗೆ ಹೋಗಿ, ಸಿಂಗರ್ ಯುರೋಪ್‌ಗೆ ತೆರಳಿದ. 1863ರಲ್ಲಿ ಇಸಬೆಲ್ಲಾ ಬೋಯರ್‌ಳನ್ನು ಮದುವೆಯಾದ. ಅದೇ ವರ್ಷ ಕ್ಲಾರ್ಕ್ ಜೊತೆಗಿನ ಪಾಲುದಾರಿಕೆ ಕೊನೆಗೊಂಡು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಸ್ಥಾಪನೆಯಾಯಿತು. ಆತನ ಮಕ್ಕಳ ಸಂಖ್ಯೆ ಇಪ್ಪತ್ತಕ್ಕೂ ಹೆಚ್ಚು.

ಇಂಗ್ಲೆಂಡಿನ ಪೇಂಟನ್‌ನಲ್ಲಿ ರಂಗಮಂದಿರ ಸಹಿತವಾದ ಭವ್ಯ ಬಂಗಲೆ ಕಟ್ಟಿಸತೊಡಗಿದ ಸಿಂಗರ್, ಅದು ಪೂರ್ಣಗೊಳ್ಳುವ ಮುನ್ನವೇ 1875ರ ಜುಲೈ 23ರಂದು ಕೊನೆಯುಸಿರೆಳೆದ. ಬಿಟ್ಟುಹೋದ ಆಸ್ತಿ 1 ಕೋಟಿ 30 ಲಕ್ಷ ಡಾಲರ್‌ಗೂ ಅಧಿಕ. ಅದರ ಹಂಚಿಕೆ ಮತ್ತೆ ನ್ಯಾಯಾಲಯಕ್ಕೆ ಹೋಯಿತು.

ಮಹಾತ್ಮ ಗಾಂಧೀಜಿ ಯಂತ್ರಗಳ ವ್ಯಾಮೋಹವನ್ನು ವಿರೋಧಿಸಿದರೂ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಕೈಹೊಲಿಗೆಯಲ್ಲಿ ದಣಿಯುವ ಹೆಂಡತಿಯ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದನೆಂಬ ಕಥೆಯನ್ನು 1924ರ ಸಂಭಾಷಣೆಯೊಂದರಲ್ಲಿ ಅವರು ನೆನೆದಿದ್ದರು. ಇತಿಹಾಸ ಈ ಕಥೆಯನ್ನು ಸಮರ್ಥಿಸುವುದಿಲ್ಲ. ಸಿಂಗರ್‌ನನ್ನು ನಡೆಸಿದ್ದು ಹಣದ ಅಗತ್ಯ. ಆದರೆ ಮನುಷ್ಯನ ಶ್ರಮ ತಗ್ಗಿಸಿ, ಆತನ ದುಡಿಮೆಯನ್ನು ಆತನ ಕೈಯಲ್ಲೇ ಉಳಿಸುವ ಯಂತ್ರ ಒಳ್ಳೆಯದು ಎಂಬ ಗಾಂಧೀಜಿಯ ಆಶಯ ಮಾತ್ರ ಸುಳ್ಳಾಗಲಿಲ್ಲ.

ವಾಡಿಯ ಹಳಿ, ತಾಂಡಾದ ಕಸೂತಿ

ಸಿಂಗರ್ ನಿಧನಕ್ಕೆ ಒಂದು ವರ್ಷ ಮೊದಲು, 1874ರಲ್ಲಿ, ವಾಡಿ–ಸಿಕಂದರಾಬಾದ್ ರೈಲು ಮಾರ್ಗ ಆರಂಭವಾಗಿತ್ತು. ಮುಂಬೈ ಬಂದರಿನ ಸರಕು ನಿಜಾಮ್ ಸಂಸ್ಥಾನದೊಳಗೆ ಬರಲು ವಾಡಿ ಜಂಕ್ಷನ್ ಹೆಬ್ಬಾಗಿಲಾಯಿತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಪಾರ್ಸಿ ವ್ಯಾಪಾರಿ ನಸರ್ವಾಂಜಿ ಮೇರ್ವಾಂಜಿ ಪಟೇಲ್ ಭಾರತದಲ್ಲಿ ಸಿಂಗರ್ ಯಂತ್ರದ ಮಾರಾಟ ಜಾಲ ಬೆಳೆಸಿದರು. 1930ರ ದಶಕದಲ್ಲಿ ಕೋಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್ ದೇಶದಲ್ಲೇ ಉಷಾ ಯಂತ್ರ ತಯಾರಿಸತೊಡಗಿದ ಬಳಿಕ ಸಿಂಪಿಗರ ಅಂಗಡಿಯಷ್ಟೇ ಸಹಜವಾಗಿ ಮನೆಗಳಲ್ಲೂ ಚಕ್ರದ ಸದ್ದು ಕೇಳತೊಡಗಿತು.

ಚಿಂಚೋಳಿ, ಸೇಡಂ ಭಾಗದ ತಾಂಡಾಗಳ ಲಂಬಾಣಿ ಮಹಿಳೆಯರು ಕನ್ನಡಿ, ಕವಡೆ, ನಾಣ್ಯ ಸೇರಿಸಿ ಮಾಡುವ ಕಸೂತಿ ಮತ್ತು ಹಳೆಯ ಸೀರೆಗಳ ಪದರ ಜೋಡಿಸಿ ಹೊಲಿಯುವ ಕೌದಿ ಇಂದಿಗೂ ಕೈಯ ಕಲೆಗಳೇ. ಇವನ್ನು ಯಂತ್ರ ಅಳಿಸಿಲ್ಲ. ಶಾಲೆಯ ಸಮವಸ್ತ್ರ, ಕುಬಸ, ಲಂಗಗಳ ಹೊಲಿಗೆಯನ್ನು ಅದು ಬೇಗ ಮುಗಿಸುತ್ತದೆ. ಮನೆಯಲ್ಲೇ ಕಸೂತಿ ಮಾಡುವ ಗಣಕೀಕೃತ ಯಂತ್ರ 1990ರಲ್ಲಿ ಜಪಾನಿನ ಜನೋಮೆ ಕಂಪನಿಯಿಂದ ಬಂತು. ಅದರಲ್ಲಿ ಚೌಕಟ್ಟನ್ನು ಯಂತ್ರವೇ ಸರಿಸುತ್ತದೆ.

ಮನೆಗೆ ಬಂದ ಯಂತ್ರ ಮೂಲೆ ಸೇರದಿರಲಿ

ಸಿಂಗರ್‌ನನ್ನು ಮೊದಲ ರಾತ್ರಿ ಕಾಡಿದ ದಾರದ ಬಿಗಿತ, ಹೊಸದಾಗಿ ಯಂತ್ರ ತಂದವರನ್ನು ಇಂದಿಗೂ ಕಾಡುತ್ತದೆ. ಬಟ್ಟೆಯ ಕೆಳಗೆ ಕುಣಿಕೆ ಬಿದ್ದರೆ ಮೇಲಿನ ದಾರ ಸಡಿಲ. ಕೆಳದಾರ ಮೇಲೆ ಕಂಡರೆ ಮೇಲಿನದು ಅತಿ ಬಿಗಿ. ಎರಡೂ ದಾರ ಬಟ್ಟೆಯ ನಡುವೆ ಕೂಡಿಕೊಂಡರೆ ಹೊಲಿಗೆ ಸರಿ.

ಯಂತ್ರವನ್ನು ಅಲುಗಾಡದ ಸಮನೆಲದ ಮೇಲಿಟ್ಟು, ಮೊದಲು ದಾರವಿಲ್ಲದೆ ಪೆಡಲ್ ತುಳಿದು ಚಕ್ರ ಒಂದೇ ದಿಕ್ಕಿಗೆ ತಿರುಗುವಂತೆ ರೂಢಿಸಿಕೊಳ್ಳಬೇಕು. ಚಕ್ರ ಹಿಂದಕ್ಕೆ ತಿರುಗಿದರೆ ದಾರ ಸಿಕ್ಕಾಗುತ್ತದೆ. ಸೂಜಿಯ ಉದ್ದ ಗೀರಿರುವ ಕಡೆಯಿಂದಲೇ ದಾರ ಪೋಣಿಸಬೇಕು. ಬಾಬಿನ್‌ಗೆ ದಾರ ಸಮನಾಗಿ ಸುತ್ತಿರಬೇಕು. ತೆಳು ಬಟ್ಟೆಗೆ 11, ಸಾಧಾರಣ ಹತ್ತಿ ಬಟ್ಟೆಗೆ 14, ದಪ್ಪ ಬಟ್ಟೆಗೆ 16 ಅಥವಾ 18ನೇ ನಂಬರಿನ ಸೂಜಿ ಸೂಕ್ತ. ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದು, ಬಟ್ಟೆ ಒತ್ತುವ ಪಾದ ಇಳಿಸಿದ ನಂತರವೇ ಹೊಲಿಗೆ ಆರಂಭಿಸಬೇಕು.

ಸಾಮಾನ್ಯ ಯಂತ್ರದಲ್ಲೂ ಕಸೂತಿ ಸಾಧ್ಯ. ಬಟ್ಟೆಯನ್ನು ಬಳೆಯಾಕಾರದ ಚೌಕಟ್ಟಿಗೆ ಬಿಗಿಯಾಗಿ ಹಾಕಿ, ಪಾದ ತೆಗೆದು, ಬಟ್ಟೆ ಸರಿಸುವ ಹಲ್ಲುಗಳನ್ನು ಇಳಿಸಬೇಕು ಅಥವಾ ಮುಚ್ಚಬೇಕು. ಪಾದವಿಲ್ಲದಿದ್ದರೂ ಅದರ ಸನ್ನೆಯನ್ನು ಮಾತ್ರ ಇಳಿಸಲೇಬೇಕು. ಇಲ್ಲವಾದರೆ ದಾರಕ್ಕೆ ಬಿಗಿತ ಬರುವುದಿಲ್ಲ. ಆಮೇಲೆ ಬಳ್ಳಿ, ಹೂವು ಮೂಡಿಸುವುದು ಚೌಕಟ್ಟು ತಿರುಗಿಸುವ ಕೈಯ ಜಾಣ್ಮೆಗೆ ಬಿಟ್ಟದ್ದು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿವರೆಗಿನ ನೆರವು, ಕಡಿಮೆ ಬಡ್ಡಿಯ ಸಾಲ ಹಾಗೂ ತರಬೇತಿ ಅದರಲ್ಲಿವೆ. ಕಂತು ಮತ್ತು ಕಲಿಕೆ ಎಂಬ ಹಳೆಯ ಸೂತ್ರವೇ ಇಲ್ಲಿಯೂ ಇದೆ. ತೊಗರಿ ಕಟಾವು ಮುಗಿದ ಮೇಲೆ ಕೂಲಿ ಸಿಗದ ತಿಂಗಳುಗಳಲ್ಲಿ ಮನೆಯಲ್ಲಿರುವ ಯಂತ್ರವೊಂದು ಹೆಣ್ಣುಮಗಳ ಕೈಗೆ ನಾಲ್ಕು ಕಾಸು ತರಬಲ್ಲದು. ಯಂತ್ರ ಹಂಚುವ ಸಮಾರಂಭದಷ್ಟೇ ಆಸ್ಥೆಯನ್ನು ಅದನ್ನು ನಡೆಸಲು ಕಲಿಸುವುದಕ್ಕೂ ತೋರಿದರೆ ಮಾತ್ರ ಇದು ಕೈಗೂಡೀತು. ಒಂದೂವರೆ ಶತಮಾನದ ಹಿಂದೆ ಸಿಂಗರ್‌ನ ಮಳಿಗೆಗಳಲ್ಲಿ ಕುಳಿತು ಹೊಲಿದು ತೋರಿಸಿದ, ಇಂದು ಹೆಸರೂ ಉಳಿಯದ ಆ ಮಹಿಳೆಯರು ಮಾಡಿದ್ದು ಇದನ್ನೇ.