ಬೇರೆಯವರ ಕಾರ್ಡಿನಲ್ಲಿ ಓದಿದ ರಿಚರ್ಡ್ ರೈಟ್

ಅಮೆರಿಕದ ಖ್ಯಾತ ಕಾದಂಬರಿಕಾರ ರಿಚರ್ಡ್ ರೈಟ್ 1908ರ ಸೆಪ್ಟೆಂಬರ್ 4ರಂದು ಮಿಸಿಸಿಪಿ ರಾಜ್ಯದ ನ್ಯಾಚೆಜ್ ಪಟ್ಟಣದ ಬಳಿ ಒಂದು ಬಡ ಕಪ್ಪು ಕುಟುಂಬದಲ್ಲಿ ಹುಟ್ಟಿದರು. ಅವರ ಅಜ್ಜ, ಅಜ್ಜಿಯರು ಗುಲಾಮಗಿರಿಯನ್ನು ಕಂಡವರು. ತಂದೆ ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ರೈತ, ತಾಯಿ ಶಿಕ್ಷಕಿ. ರೈಟ್ ಚಿಕ್ಕವರಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು, ತಾಯಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದರು. ಹಸಿವು ಅವರ ಬಾಲ್ಯದ ಸಂಗಾತಿಯಾಯಿತು. ಆಶ್ರಯ ಕೊಟ್ಟ ಅಜ್ಜಿಯ ಮನೆಯಲ್ಲಿ ಕಥೆ ಓದುವುದೂ ಪಾಪವೆನಿಸಿತ್ತು.

1925ರಲ್ಲಿ ಜ್ಯಾಕ್ಸನ್ ನಗರದ ಶಾಲೆಯಲ್ಲಿ ಒಂಬತ್ತನೇ ತರಗತಿಯನ್ನು ಅವರು ಎಲ್ಲರಿಗಿಂತ ಮೊದಲಿಗರಾಗಿ ಮುಗಿಸಿದರು. ಬೀಳ್ಕೊಡುಗೆ ಸಮಾರಂಭಕ್ಕೆ ಪ್ರಾಂಶುಪಾಲರೇ ಭಾಷಣ ಬರೆದುಕೊಟ್ಟರು. ಅದನ್ನು ಓದದಿದ್ದರೆ ಮುಂದೆ ಶಿಕ್ಷಕನ ಕೆಲಸ ಸಿಗದು ಎಂಬ ಸೂಚನೆಯೂ ಬಂತು. ಆದರೂ ರೈಟ್ ತಾವು ಬರೆದದ್ದನ್ನೇ ಓದಿದರು.

ನಂತರ ದುಡಿಯಲು ಮೆಂಫಿಸ್ ನಗರಕ್ಕೆ ಹೋದರು. ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕಪ್ಪು ಜನರಿಗೆ ಪುಸ್ತಕ ಕೊಡುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಬಿಳಿಯನೊಬ್ಬ ತನ್ನ ಕಾರ್ಡನ್ನು ಕೊಟ್ಟ. ಆತನೇ ಪುಸ್ತಕ ತರಲು ಕಳಿಸಿದಂತೆ ರೈಟ್ ಒಂದು ಚೀಟಿ ಬರೆದರು. ಅನುಮಾನ ಬಾರದಿರಲೆಂದು, ತಮ್ಮವರನ್ನು ಹೀನಾಯವಾಗಿ ಕರೆಯುವ ಪದವನ್ನೇ ಅದರಲ್ಲಿ ಬಳಸಬೇಕಾಯಿತು. ಹೀಗೆ ಪಡೆದ ಪುಸ್ತಕಗಳಿಂದ, ಅನ್ಯಾಯದ ವಿರುದ್ಧ ಮಾತನ್ನೂ ಆಯುಧವಾಗಿಸಬಹುದೆಂದು ಅವರು ಕಲಿತರು.

1927ರಲ್ಲಿ ಷಿಕಾಗೊ ಸೇರಿ ಅಂಚೆ ಕಚೇರಿಯಲ್ಲಿ ದುಡಿಯುತ್ತಲೇ ಬರೆಯತೊಡಗಿದರು. 1940ರಲ್ಲಿ ಬಂದ 'ನೇಟಿವ್ ಸನ್' ಕಾದಂಬರಿ ಮೂರೇ ವಾರಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರ ನಾಯಕ ಬಿಗ್ಗರ್ ಥಾಮಸ್ ಒಳ್ಳೆಯವನಲ್ಲ, ಕೊಲೆಗಾರ. ಓದುಗರು ಅನುಕಂಪದ ಕಣ್ಣೀರು ಹಾಕಿ ಮರೆತುಬಿಡುವುದು ರೈಟ್‌ಗೆ ಬೇಕಿರಲಿಲ್ಲ. ಭಯ ಮತ್ತು ಅವಮಾನ ಒಬ್ಬ ಯುವಕನನ್ನು ಏನು ಮಾಡಬಲ್ಲವು ಎಂಬುದನ್ನು ಅವರು ತೋರಿಸಿದರು. 1945ರಲ್ಲಿ ಆತ್ಮಕಥೆ 'ಬ್ಲ್ಯಾಕ್ ಬಾಯ್' ಪ್ರಕಟವಾಯಿತು.

ಹೆಸರು ಬಂದರೂ ತಾರತಮ್ಯ ತಪ್ಪಲಿಲ್ಲ. ಕುಟುಂಬದೊಂದಿಗೆ ಪ್ಯಾರಿಸ್‌ಗೆ ಹೋಗಿ ನೆಲೆಸಿದರು. 1955ರಲ್ಲಿ ನೆಹರೂ ಭಾಗವಹಿಸಿದ್ದ, ಇಂಡೋನೇಷ್ಯಾದ ಬಾಂಡುಂಗ್‌ನ ಏಷ್ಯಾ-ಆಫ್ರಿಕಾ ಸಮ್ಮೇಳನಕ್ಕೂ ಹೋಗಿ, ಅದರ ಬಗ್ಗೆ ಪುಸ್ತಕ ಬರೆದರು. ಕೊನೆಯ ದಿನಗಳಲ್ಲಿ ಕಾಯಿಲೆಯ ನಡುವೆಯೂ ಸಾವಿರಾರು ಹೈಕುಗಳನ್ನು ರಚಿಸಿದರು. 1960ರ ನವೆಂಬರ್ 28ರಂದು, 52ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ನಿಧನರಾದರು.

ರೈಟ್ ಇನ್ನೊಬ್ಬರ ಕಾರ್ಡು ಹಿಡಿದು, ಸುಳ್ಳು ಚೀಟಿ ಬರೆದು ಪುಸ್ತಕ ಪಡೆಯಬೇಕಾಯಿತು. ನಮ್ಮ ಗ್ರಂಥಾಲಯದ ಕಾರ್ಡಿನಲ್ಲಿ ನಮ್ಮದೇ ಹೆಸರಿದೆ. ಅದನ್ನು ವರ್ಷವಿಡೀ ಬ್ಯಾಗಿನಲ್ಲೇ ಬಿಡದಿರೋಣ.