ಗಿಟಾರ್ ನುಡಿಸಲು ಬಾರದವರು ಗಿಟಾರಿಗೆ ಕೊಟ್ಟ ದನಿ

ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು 1902ರಲ್ಲಿ. ಬ್ರಿಟಿಷ್ ಅಧಿಕಾರಿಗಳು ಹಾಗೂ ಆಂಗ್ಲೋ ಇಂಡಿಯನ್ ಕುಟುಂಬಗಳ ನೆಲೆಯಾಗಿ ‘ಲಿಟಲ್ ಇಂಗ್ಲೆಂಡ್’ ಎನಿಸಿಕೊಂಡಿದ್ದ ಕೆಜಿಎಫ್‌ನಲ್ಲಿ ಕ್ಲಬ್ಬು, ಚರ್ಚು, ಕ್ರಿಸ್‌ಮಸ್ ಸಂಭ್ರಮ, ಪಾಶ್ಚಾತ್ಯ ಸಂಗೀತ ಇವೆಲ್ಲ ಗಣಿ ಬದುಕಿನ ಒಂದು ಮುಖವಾಗಿದ್ದವು. ನೃತ್ಯಕೂಟಗಳ ವಾದ್ಯವೃಂದಗಳಿಗೆ ಆಗ ಲೋಕದ ಎಲ್ಲೆಡೆ ಒಂದೇ ತೊಡಕು. ಡ್ರಮ್ ಮತ್ತು ಟ್ರಂಪೆಟ್‌ಗಳ ಅಬ್ಬರದ ನಡುವೆ ಗಿಟಾರಿನ ದನಿ ಕೇಳಿಸುತ್ತಿರಲಿಲ್ಲ. ಆ ತೊಡಕನ್ನು ನಿವಾರಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಒಬ್ಬ ರೇಡಿಯೋ ರಿಪೇರಿಗಾರ. ಹೆಸರು ಲಿಯೋ ಫೆಂಡರ್. ಸ್ವಾರಸ್ಯವೆಂದರೆ, ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

ಫೆಂಡರ್ ಜನಿಸಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದಲ್ಲಿ. ತಂದೆ ತಾಯಿ ಕಿತ್ತಳೆ ಬೆಳೆಗಾರರು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದರಿಂದಾಗಿ ಎಡಗಣ್ಣನ್ನು ಕಳೆದುಕೊಂಡ ಬಾಲಕ ಮುಂದೆ ಜೀವನವಿಡೀ ಗಾಜಿನ ಕಣ್ಣನ್ನೇ ಧರಿಸಬೇಕಾಯಿತು. ವಾಹನಗಳ ವಿದ್ಯುತ್ ಉಪಕರಣಗಳ ಅಂಗಡಿ ಇಟ್ಟಿದ್ದ ಸೋದರ ಸಂಬಂಧದ ಹಿರಿಯರೊಬ್ಬರು ಹದಿಮೂರರ ಹುಡುಗನಿಗೆ ರೇಡಿಯೋ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಕಳುಹಿಸಿಕೊಟ್ಟರು. ಅವರ ಅಂಗಡಿಯಲ್ಲಿ ಜೋರಾಗಿ ಹಾಡುತ್ತಿದ್ದ ರೇಡಿಯೋ ಆ ಹುಡುಗನ ಮನಸ್ಸಿನಲ್ಲಿ ಅಚ್ಚೊತ್ತಿತು.

ಆದರೂ ಕಾಲೇಜಿನಲ್ಲಿ ಅವರು ಕಲಿತದ್ದು ಲೆಕ್ಕಪತ್ರ. ಎಲೆಕ್ಟ್ರಾನಿಕ್ಸ್ ಪೂರ್ಣ ಸ್ವಯಂಪಾಠ. 1930ರ ದಶಕದ ಆರ್ಥಿಕ ಕುಸಿತ ಅವರ ಲೆಕ್ಕಿಗನ ನೌಕರಿಯನ್ನೂ ಕಿತ್ತುಕೊಂಡಿತು. 1938ರಲ್ಲಿ 600 ಡಾಲರ್ ಸಾಲ ಪಡೆದು ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದರು. ನಮ್ಮ ಊರುಗಳಲ್ಲಿ ರೇಡಿಯೋ ರಿಪೇರಿಯ ಜೊತೆಗೇ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರಂತೆ ಅವರೂ ಧ್ವನಿವರ್ಧಕಗಳನ್ನು ತಯಾರಿಸಿ ವಾದ್ಯವೃಂದಗಳಿಗೆ ಬಾಡಿಗೆಗೆ ನೀಡುತ್ತಿದ್ದರು. ಕೆಟ್ಟ ಆಂಪ್ಲಿಫೈಯರ್ ಹೊತ್ತು ಬಂದ ಕಲಾವಿದರ ದೂರುಗಳೇ ಅವರಿಗೆ ಪಾಠಗಳಾದವು. ಯಾವ ಭಾಗ ಬೇಗ ಕೆಡುತ್ತದೆ, ಯಾವುದನ್ನು ಬಿಚ್ಚಲು ಕಷ್ಟ ಎಂಬುದು ರಿಪೇರಿಗಾರನಿಗಷ್ಟೇ ತಿಳಿಯುವ ಸತ್ಯ. ಸುಲಭವಾಗಿ ಬಿಚ್ಚಿ ಸರಿಪಡಿಸಬಹುದಾದ ಯಂತ್ರವೇ ಉತ್ತಮ ಯಂತ್ರ ಎಂಬುದು ಅವರ ತತ್ವವಾಯಿತು.

1946ರಲ್ಲಿ ಸ್ವಂತ ಹೆಸರಿನ ಕಂಪನಿ ಆರಂಭವಾಯಿತು. 1951ರಲ್ಲಿ ಅವರು ಹೊರತಂದ ಎಲೆಕ್ಟ್ರಿಕ್ ಬೇಸ್ ಗಿಟಾರ್, ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುವ ಕಷ್ಟವನ್ನು ತಪ್ಪಿಸಿತು. ಆದರೆ ಮಂದ್ರಸ್ವರವನ್ನು ಸಭಾಂಗಣದ ತುಂಬ ಹರಡಲು ಹೆಚ್ಚಿನ ಶಕ್ತಿ ಬೇಕು. ಅದಕ್ಕೆಂದೇ 1952ರಲ್ಲಿ ‘ಬೇಸ್‌ಮ್ಯಾನ್’ ಆಂಪ್ಲಿಫೈಯರ್ ಬಂತು. ದಶಕದ ಕೊನೆಯ ವೇಳೆಗೆ ಹತ್ತು ಅಂಗುಲದ ನಾಲ್ಕು ಸ್ಪೀಕರ್‌ಗಳೊಂದಿಗೆ ರೂಪುಗೊಂಡ ಬೇಸ್‌ಮ್ಯಾನನ್ನು ಗಿಟಾರ್ ವಾದಕರೇ ಹೆಚ್ಚು ಮೆಚ್ಚಿಕೊಂಡರು. ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಸಂಗಡಿಗರು 1962ರಲ್ಲಿ ತಮ್ಮ ಮೊದಲ ಆಂಪ್ಲಿಫೈಯರ್ ನಿರ್ಮಿಸಿದ್ದು ಇದೇ ವಿನ್ಯಾಸವನ್ನು ಆಧರಿಸಿ. ರಾಕ್ ಸಂಗೀತದ ಎರಡು ದೊಡ್ಡ ಹೆಸರುಗಳು ಹೀಗೆ ಒಂದೇ ಬೇರಿನಿಂದ ಚಿಗುರಿದವು.

ಫೆಂಡರ್ ಅವರ ನಿಜವಾದ ಪರೀಕ್ಷೆ ನಡೆದದ್ದು ಡಿಕ್ ಡೇಲ್ ಎಂಬ ಗಿಟಾರ್ ವಾದಕರ ಕೈಯಲ್ಲಿ. ಕಡಲತೀರದ ಬಾಲ್ಬೋವಾದ ನೃತ್ಯಮಂದಿರದಲ್ಲಿ ಡೇಲ್ ನುಡಿಸುವ ರಭಸಕ್ಕೆ ಸ್ಪೀಕರ್‌ಗಳು ಒಂದರ ಹಿಂದೊಂದು ಹರಿದುಹೋಗುತ್ತಿದ್ದವು. ಕಾರ್ಯಾಗಾರದಲ್ಲಿ ಚೆನ್ನಾಗಿಯೇ ಕೇಳಿಸುವ ಯಂತ್ರ ಅಲ್ಲೇಕೆ ಸೋಲುತ್ತದೆ ಎಂದು ಅರಿಯಲು ಫೆಂಡರ್ ಸ್ವತಃ ಆ ಮಂದಿರಕ್ಕೆ ಹೋಗಿ ಜನಸಂದಣಿಯ ನಡುವೆ ನಿಂತು ಆಲಿಸಿದರು. ಸಾವಿರಾರು ದೇಹಗಳು ದನಿಯನ್ನು ಹೀರಿಕೊಳ್ಳುತ್ತವೆ ಎಂಬುದು ಅಲ್ಲಿ ಮನವರಿಕೆಯಾಯಿತು. ಅದರ ಫಲವೇ 1960ರ ‘ಷೋಮ್ಯಾನ್’. ನಾಲ್ಕು ಔಟ್‌ಪುಟ್ ವಾಲ್ವ್, ಭಾರಿ ಟ್ರಾನ್ಸ್‌ಫಾರ್ಮರ್, ಹದಿನೈದು ಅಂಗುಲದ ಸ್ಪೀಕರ್, ಸುಮಾರು 85 ವ್ಯಾಟ್ ಸಾಮರ್ಥ್ಯ.

ಇಲ್ಲಿ ವ್ಯಾಟ್ ಎಂದರೆ ಬರಿಯ ಗದ್ದಲವಲ್ಲ. ವಾಲ್ವ್ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದಾಗ ದನಿ ಥಟ್ಟನೆ ಒಡೆಯುವುದಿಲ್ಲ, ಹಂತ ಹಂತವಾಗಿ ದಪ್ಪಗಾಗುತ್ತದೆ. ಸಣ್ಣ ಆಂಪ್ಲಿಫೈಯರ್ ಈ ಮಿತಿಯನ್ನು ಬೇಗ ಮುಟ್ಟುತ್ತದೆ. ದೊಡ್ಡದು ಜೋರಾಗಿ ನುಡಿದಾಗಲೂ ಸ್ವಚ್ಛವಾಗಿಯೇ ಉಳಿಯುತ್ತದೆ. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತರಷ್ಟು ವಿದ್ಯುತ್ ಬೇಕಾಗುವುದರಿಂದ, 40 ವ್ಯಾಟ್ ಮತ್ತು 80 ವ್ಯಾಟ್‌ಗಳ ನಡುವಿನ ಮುಖ್ಯ ವ್ಯತ್ಯಾಸ ಈ ಸ್ವಚ್ಛತೆಯೇ ಹೊರತು ಅಬ್ಬರವಲ್ಲ. 1969ರಲ್ಲಿ ಅಮೆರಿಕದ ಆಂಪೆಗ್ ಕಂಪನಿ 300 ವ್ಯಾಟ್‌ಗಳ ಬೇಸ್ ಆಂಪ್ಲಿಫೈಯರ್ ತಂದಾಗ ಷೋಮ್ಯಾನ್ ತೆರೆದ ದಾರಿ ಇನ್ನಷ್ಟು ವಿಶಾಲವಾಯಿತು.

ಅಷ್ಟರಲ್ಲಿ ಫೆಂಡರ್ ತಮ್ಮ ಕಂಪನಿಯಲ್ಲಿರಲಿಲ್ಲ. ದೀರ್ಘಕಾಲ ಕಾಡಿದ ಸೋಂಕಿನಿಂದ ಬಳಲಿ, ಹೆಚ್ಚು ದಿನ ಬದುಕಲಾರೆನೆಂದು ಭಾವಿಸಿ, 1965ರ ಜನವರಿಯಲ್ಲಿ ಅದನ್ನು ಸಿಬಿಎಸ್ ಸಂಸ್ಥೆಗೆ 130 ಲಕ್ಷ ಡಾಲರ್‌ಗೆ ಮಾರಿದ್ದರು. ನಂತರ ಬೇರೆ ವೈದ್ಯರ ಚಿಕಿತ್ಸೆಯಿಂದ ಗುಣವಾದರು. ಆದರೆ ಮಾರಿದ ಹೆಸರು ಮರಳಿ ಬರಲಿಲ್ಲ. ‘ಮ್ಯೂಸಿಕ್ ಮ್ಯಾನ್’, ಬಳಿಕ ‘ಜಿ ಅಂಡ್ ಎಲ್’ ಕಂಪನಿಗಳಲ್ಲಿ ಅವರು ವಾದ್ಯಗಳನ್ನು ರೂಪಿಸುತ್ತಲೇ ಹೋದರು. ಪಾರ್ಕಿನ್ಸನ್ ಕಾಯಿಲೆಯ ನಡುವೆಯೂ ಬಿಡದೆ ದುಡಿದು, 1991ರ ಮಾರ್ಚ್ 21ರಂದು ನಿಧನರಾದರು. ಸಾವಿನ ಹಿಂದಿನ ದಿನವೂ ಅವರು ಕೆಲಸದ ಮೇಜಿನ ಮುಂದಿದ್ದರು.

ಅವರ ಕಾಲದ ಆಂಪ್ಲಿಫೈಯರ್ ಗುರುತಿಸುವ ಬಗೆಯೂ ಇದೇ ಜೀವನಕಥೆಯ ಮುಂದುವರಿಕೆ. ಫಲಕದ ಮೇಲೆ ‘ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್’ ಎಂದಿದ್ದರೆ ಅದು ಬಹುಮಟ್ಟಿಗೆ ಮಾರಾಟಕ್ಕೆ ಮುಂಚಿನದು, ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್’ ಎಂದಿದ್ದರೆ ಅನಂತರದ್ದು. ಒಳಬದಿಯ ವಾಲ್ವ್ ಪಟ್ಟಿಯಲ್ಲಿ ಮಸಿಯಿಂದ ಒತ್ತಿದ ಎರಡು ಇಂಗ್ಲಿಷ್ ಅಕ್ಷರಗಳಿದ್ದರೆ ಮೊದಲನೆಯದು ವರ್ಷ, ಎರಡನೆಯದು ತಿಂಗಳು. ‘ಎ’ ಎಂದರೆ 1951 ಎಂಬ ಎಣಿಕೆಯಲ್ಲಿ ‘ಎನ್‌ಸಿ’ 1964ರ ಮಾರ್ಚ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರ್‌ಗಳ ಮೇಲಿನ ಅಂಕಿಗಳು ತಯಾರಕರನ್ನೂ ವಾರವನ್ನೂ ಹೇಳುತ್ತವೆ. ಇವೆಲ್ಲ ಹೊಂದಿಕೆಯಾದರೆ ಭಾಗಗಳು ಮೂಲದವು ಎಂಬ ಭರವಸೆ ಮೂಡುತ್ತದೆ. ದೊಡ್ಡ ಔಟ್‌ಪುಟ್ ವಾಲ್ವ್‌ಗಳು ಎರಡಿದ್ದರೆ ಸಾಮಾನ್ಯವಾಗಿ 40ರಿಂದ 50 ವ್ಯಾಟ್, ನಾಲ್ಕಿದ್ದರೆ 80ರಿಂದ 100 ವ್ಯಾಟ್.

ಎಚ್ಚರಿಕೆಯೂ ಅಗತ್ಯ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಯಂತ್ರ 117 ವೋಲ್ಟ್‌ನದು. ನಮ್ಮ 230 ವೋಲ್ಟ್ ವಿದ್ಯುತ್ತಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಮೀರಿದ ವಿದ್ಯುತ್ ಉಳಿದಿರಬಹುದು. ತಿಳಿದವರಲ್ಲದೆ ಯಾರೂ ಮುಚ್ಚಳ ತೆರೆಯಬಾರದು.

ಭಾರತದಲ್ಲಿ ಮೂಲ ಫೆಂಡರ್ ದೊರಕುವುದು ಅಪರೂಪ. ಆದರೆ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ತಯಾರಿಸಿದ ಇಸಿಸಿ83, ಇಎಲ್84 ಮುಂತಾದ ವಾಲ್ವ್‌ಗಳನ್ನು ಗಿಟಾರ್ ಆಂಪ್ಲಿಫೈಯರ್ ಪ್ರಿಯರು ಇಂದಿಗೂ ಹುಡುಕುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಬಳಿಕ ಕೆಜಿಎಫ್‌ನ ಅನೇಕ ಕುಟುಂಬಗಳು ಊರು ಬಿಟ್ಟವು. ಇನ್ನು ಕೆಲವರು ಬೆಳಗಿನ ರೈಲು ಹಿಡಿದು ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿಯುತ್ತಾರೆ. ಅಂಥ ಮನೆಯ ಅಟ್ಟದಲ್ಲೋ ಚರ್ಚಿನ ಕೋಣೆಯಲ್ಲೋ ಹಳೆಯ ಮೈಕ್ ಸೆಟ್ ಅಂಗಡಿಯಲ್ಲೋ ಗಾಜಿನ ವಾಲ್ವ್‌ಗಳ ಭಾರವಾದ ಪೆಟ್ಟಿಗೆಯೊಂದು ದೂಳು ಹಿಡಿದು ಕುಳಿತಿದ್ದರೆ, ಗುಜರಿಯವರ ತಕ್ಕಡಿಗೆ ಏರಿಸುವ ಮುನ್ನ ಅದರ ಬೆನ್ನನ್ನೊಮ್ಮೆ ನೋಡುವುದು ಒಳಿತು. ಸರಿಪಡಿಸಲೆಂದೇ ಯಂತ್ರ ಕಟ್ಟಬೇಕೆಂದು ನಂಬಿದ ಒಬ್ಬ ರಿಪೇರಿಗಾರರಿಗೆ ಸಲ್ಲುವ ನಿಜವಾದ ಗೌರವವೂ ಅದೇ.